ದುರ್ಬೀನಮ್ಮ ಕಂಡ ಚಿಮಣಿ

ನನ್ನ ಅತ್ತಿಗೆಗೆ ಸಂಬಳ ಬರುತ್ತಿದ್ದುದು ಕಿಟಕಿಯಿಂದಾಚೆ ನೋಡುವುದಕ್ಕೆ. ನಗಬೇಡಿ. ಮೊದಮೊದಲು ನಾನೂ ನಕ್ಕಿದ್ದೆ. ನಾನು ಬೆಳಗಿನಿಂದ ಸಂಜೆಯವರೆಗೆ ನಿಂತೇ ಇದ್ದು, ಊರವರ ತಲೆಗೆಲ್ಲ ಕತ್ತರಿ ಆಡಿಸಿ, ಸೊಂಟ ಹಿಡಿಸಿಕೊಂಡು ಮನೆಗೆ ಹೋದರೆ, ಇವರು ಕುರ್ಚಿಯಲ್ಲಿ ಕೂತು ಗುಡ್ಡ ನೋಡಿ ಬಂದಿರುತ್ತಿದ್ದರು. “ಅತ್ತಿಗೆ, ಇವತ್ತು ಗುಡ್ಡ ಎಲ್ಲೂ ಓಡಿ ಹೋಗ್ಲಿಲ್ಲ ತಾನೇ?” ಎಂದು ಕೇಳುತ್ತಿದ್ದೆ. “ಹೋಗಿತ್ತಪ್ಪಾ, ಹತ್ತು ಗಂಟೆಗೆ ವಾಪಸ್ ಬಂತು” ಅನ್ನುತ್ತಿದ್ದರು. ಅವರು ತಮಾಷೆ ಮಾಡುತ್ತಿರಲಿಲ್ಲ ಎಂದು ತಿಳಿಯುವುದಕ್ಕೆ ನನಗೆ ವರ್ಷಗಳೇ ಬೇಕಾದವು.

ನಮ್ಮ ಊರಿನ ಅಂಚಿನಲ್ಲಿ ಒಂದು ಸಣ್ಣ ವಿಮಾನ ನಿಲ್ದಾಣವಿದೆ. ದೊಡ್ಡ ವಿಮಾನಗಳು ಅಲ್ಲಿಗೆ ಬರುವುದಿಲ್ಲ. ಅಂಚೆ ಹೊರುವವು, ರೋಗಿಗಳನ್ನು ಸಾಗಿಸುವವು, ಹಾರಲು ಕಲಿಯುವವರವು, ಇಂಥವೇ. ಇಳಿಯುವ ಪೈಲಟ್‌ಗೆ ಮೊದಲು ಬೇಕಾದ ಮಾತು ಒಂದೇ: ಅಲ್ಲಿ ಎಷ್ಟು ದೂರದವರೆಗೆ ಕಣ್ಣಿಗೆ ಕಾಣುತ್ತಿದೆ? ಗಂಟೆಗೊಮ್ಮೆ ಅದನ್ನು ಹೇಳುತ್ತಿದ್ದವರು ಅತ್ತಿಗೆ. ಗೋಪುರದ ತುದಿಯಲ್ಲಿ ಸುತ್ತಲೂ ಗಾಜಿರುವ ಕೋಣೆ, ಒಂದು ಮೇಜು, ಒಂದು ಫೋನು, ಗೋಡೆಯ ಮೇಲೆ ಒಂದು ನಕ್ಷೆ. ನಕ್ಷೆಯಲ್ಲಿ ದೂರ ಅಳೆದಿಟ್ಟ ಗುರುತುಗಳು. ಹತ್ತಿರದಲ್ಲಿ ಹಿಟ್ಟಿನ ಗಿರಣಿಯ ತಗಡಿನ ಸೂರು, ಅದರಾಚೆ ನೀರಿನ ಟ್ಯಾಂಕು, ಆಮೇಲೆ ಆಸ್ಪತ್ರೆಯ ಕಟ್ಟಡ, ಬೋಳುಗುಡ್ಡ, ಎಲ್ಲಕ್ಕಿಂತ ದೂರ ದಿಣ್ಣೆಯ ಮೇಲೆ ಹಳೆಯ ಇಟ್ಟಿಗೆ ಭಟ್ಟಿಯ ಚಿಮಣಿ. ಚಿಮಣಿ ಕಂಡರೆ ಗಾಳಿ ತೊಳೆದಿಟ್ಟಷ್ಟು ಶುಭ್ರ. ಟ್ಯಾಂಕೂ ಕಾಣದಿದ್ದರೆ ವಿಮಾನ ಮೇಲೆಯೇ ಸುತ್ತುಹಾಕುತ್ತಿರಬೇಕು. ಪ್ರತಿಯೊಂದು ಗುರುತಿನ ಎದುರು ಅತ್ತಿಗೆ “ಕಂಡಿತು” ಎಂದೋ “ಕಾಣಲಿಲ್ಲ” ಎಂದೋ ಬರೆಯುತ್ತಿದ್ದರು. ಹೆಚ್ಚುಕಡಿಮೆ, ಸುಮಾರಾಗಿ ಎಂಬ ಮಾತುಗಳಿಗೆ ಅಲ್ಲಿ ಜಾಗವಿರಲಿಲ್ಲ.

ಊರಲ್ಲಿ ಅವರ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವರು ದುರ್ಬೀನಮ್ಮ. ದುರ್ಬೀನು ಮುಟ್ಟಿದವರೇ ಅಲ್ಲ ಅವರು, ಬರಿಗಣ್ಣಿನ ಕೆಲಸ ಅದು. ಆದರೆ ಕಣ್ಣನ್ನು ಅವರು ನೋಡಿಕೊಳ್ಳುತ್ತಿದ್ದ ರೀತಿ ಇತ್ತಲ್ಲ, ನಾನು ನನ್ನ ಕತ್ತರಿಯನ್ನೂ ಹಾಗೆ ನೋಡಿಕೊಂಡಿಲ್ಲ. ಕೆಲಸಕ್ಕೆ ಹೋಗುವ ಮುಂಚೆ ಪೇಪರ್ ಓದುವಂತಿಲ್ಲ, ಟಿವಿ ನೋಡುವಂತಿಲ್ಲ. ಗೋಪುರದ ಗಾಜನ್ನು ಜವಾನ ಒರೆಸಿದ್ದರೂ ಇನ್ನೊಮ್ಮೆ ತಾವೇ ಒರೆಸಬೇಕು. ಹಾರಾಟ ಕಲಿಸುವ ಮೇಷ್ಟ್ರೊಬ್ಬರು ಒಮ್ಮೆ ಫೋನಿನಲ್ಲಿ, “ಮೇಡಂ, ಟ್ಯಾಂಕು ಕಾಣ್ತು ಅಂತ ಬರೆದುಬಿಡಿ, ಹುಡುಗರು ಕಾಯ್ತಾ ಇದಾರೆ” ಎಂದರಂತೆ. “ಕಾಯ್ಲಿ ಬಿಡಿ. ಟ್ಯಾಂಕು ಬಂದ ಕೂಡಲೇ ನಾನೇ ಫೋನ್ ಮಾಡ್ತೀನಿ” ಎಂದು ಇವರು ಫೋನು ಇಟ್ಟರಂತೆ. ನಮ್ಮ ಅತ್ತಿಗೆ ಅಂದರೆ ಹಾಗೆ. ಶಾಲೆ ಬಿಟ್ಟು ಬೀದಿ ಅಳೆಯುತ್ತಿದ್ದ ನನ್ನನ್ನು ಕಿವಿ ಹಿಡಿದು ಸೆಲೂನಿನ ಕೆಲಸಕ್ಕೆ ಸೇರಿಸಿದವರೂ ಅವರೇ. “ನಿನಗೆ ಬಾಯಿ ಇದೆ, ಕೈಗೊಂದು ಕೆಲಸ ಬೇಕು ಅಷ್ಟೆ” ಎಂದಿದ್ದರು. ಬಾಯಿಯ ವಿಷಯದಲ್ಲಿ ಅವರು ಹೇಳಿದ್ದು ಅಪ್ಪಟ ಸತ್ಯ. ನನ್ನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಾರೆ. ನನ್ನ ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನ ಪಾಲಿನ ಮಾತನ್ನೂ ದೇವರು ನನಗೇ ಕೊಟ್ಟುಬಿಟ್ಟಿದ್ದಾನೆ.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ನನ್ನ ಅಂಗಡಿಯ ಬಾಗಿಲಲ್ಲಿ ನಿಂತು, “ಇಲ್ಲಿ ದುರ್ಬೀನಮ್ಮ ಅಂತ ಇದಾರಂತಲ್ಲ, ಅವರ ಮನೆ ಎಲ್ಲಿ?” ಎಂದು ಕೇಳಿದರು. ಹೆಗಲಲ್ಲಿ ಚೀಲ, ಕಾಲಲ್ಲಿ ಧೂಳು ತುಂಬಿದ ಬೂಟು.

“ಸರಿಯಾದ ಕಡೆಗೇ ಬಂದಿದೀರ. ನಾನು ಅವರ ಸ್ವಂತ ಮೈದುನ. ಕೂತ್ಕೊಳ್ಳಿ, ಈ ತಲೆ ಮುಗಿಸಿ ಕರ್ಕೊಂಡು ಹೋಗ್ತೀನಿ” ಎಂದೆ.

ಕುರ್ಚಿಯಲ್ಲಿದ್ದ ಗಿರಾಕಿಯ ಕುತ್ತಿಗೆಗೆ ಪೌಡರ್ ಹಾಕಿದೆ. ಷಟರಿನ ಸಂದಿನಿಂದ ಓರೆಯಾಗಿ ಬರುತ್ತಿದ್ದ ಬಿಸಿಲಿಗೆ ಪೌಡರ್ ಎದ್ದು, ಅಲ್ಲಿಯವರೆಗೆ ಕಾಣದಿದ್ದ ಬಿಸಿಲು ಹಲಗೆಯ ಹಾಗೆ ಬೆಳ್ಳಗೆ ನಿಂತಿತು. ಆಕೆ ಥಟ್ಟನೆ ಎದ್ದು, “ಇದೇ ನೋಡಿ, ಇದೇ ನನ್ನ ಕೆಲಸ!” ಎಂದರು. ಗಿರಾಕಿ ಬೆಚ್ಚಿಬಿದ್ದ. ನಾನು ಕತ್ತರಿ ಕೆಳಗಿಟ್ಟೆ.

ಆಕೆ ಸಂಶೋಧನಾ ಸಂಸ್ಥೆಯವರು. ಗಾಳಿಯಲ್ಲಿ ತೇಲುವ ಕಣಗಳ ಬಗ್ಗೆ ಅಧ್ಯಯನ. ಅವಕ್ಕೆ ಏರೋಸಾಲ್ ಎನ್ನುತ್ತಾರಂತೆ. ಧೂಳು, ಹೊಗೆ, ಸಮುದ್ರದ ಉಪ್ಪು, ಕಾರ್ಖಾನೆಯ ಅನಿಲದಿಂದ ಹುಟ್ಟುವ ಕಣ, ಎಲ್ಲವೂ ಅದರಲ್ಲೇ. “ನಿಮ್ಮ ಪೌಡರ್ ಬೆಳಕನ್ನ ನುಂಗಲ್ಲ, ನಾಲ್ಕೂ ಕಡೆ ಎರಚುತ್ತೆ. ಅದಕ್ಕೇ ಕಣ್ಣಿಗೆ ಬೀಳ್ತಿದೆ. ಈಗ ಅದರಾಚೆಯ ಕನ್ನಡಿ ನೋಡಿ, ಮಂಕಾಯ್ತು ಅಲ್ವಾ? ಕನ್ನಡಿ ಎಲ್ಲೂ ಹೋಗಿಲ್ಲ. ನಡುವೆ ಚೆದುರಿದ ಬೆಳಕು ಅದನ್ನ ಮುಚ್ಚಿದೆ. ನಿಮ್ಮೂರಿನ ಗುಡ್ಡ ಮಾಯ ಆಗೋದೂ ಹೀಗೇ.”

“ಕಪ್ಪು ಹೊಗೆ?”

“ಮಸಿ ಬೇರೆ ಥರ. ಅದು ಬೆಳಕನ್ನ ಹೀರಿ ಕಾಯುತ್ತೆ, ಸುತ್ತಲಿನ ಗಾಳೀನೂ ಕಾಯಿಸುತ್ತೆ. ಕೆಳಗಿನ ನೆಲಕ್ಕೆ ಮಾತ್ರ ಬಿಸಿಲು ಕಮ್ಮಿ. ಬಿಳಿ ಕಣಗಳು ಬಿಸಿಲಿನ ಒಂದು ಪಾಲನ್ನ ವಾಪಸ್ ಆಕಾಶಕ್ಕೇ ಕಳಿಸಿಬಿಡ್ತವೆ. ಮೋಡದ ಒಳಗೆ ಸೇರಿಕೊಂಡ್ರೆ ಹನಿಗಳು ಸಣ್ಣಸಣ್ಣದಾಗಿ, ಮೋಡ ಇನ್ನೂ ಬೆಳ್ಳಗಾಗುತ್ತೆ.”

“ಅಂದ್ರೆ ಭೂಮಿಗೇ ಯಾರೋ ಪೌಡರ್ ಹಾಕಿದಾರೆ ಅನ್ನಿ.”

ಆ ಮೇಡಂ ಜೋರಾಗಿ ನಕ್ಕರು. ಆಮೇಲೆ ಹೇಳಿದ ಮಾತು ಮಾತ್ರ ನನ್ನ ಎದೆಯೊಳಗೆ ಇಳಿದುಬಿಟ್ಟಿತು. “ಭೂಮಿ ಬಿಸಿಯಾಗ್ತಾ ಇದೆ, ಅದು ಗೊತ್ತು. ಆ ಬಿಸಿಯಲ್ಲಿ ಎಷ್ಟನ್ನ ಈ ಪರದೆ ಇಷ್ಟು ವರ್ಷ ಮರೆಮಾಚಿತ್ತು ಅನ್ನೋದು ಸರಿಯಾಗಿ ಗೊತ್ತಿಲ್ಲ. ಪರದೆ ಮುಂಚೆ ಎಷ್ಟು ದಪ್ಪ ಇತ್ತು ಅಂತ ತಿಳಿಯದೆ ಮುಂದಿನ ಲೆಕ್ಕ ಹಾಕೋದು ಕಷ್ಟ. ಆಗ ಇಲ್ಲಿ ನಮ್ಮ ಯಂತ್ರ ಇರಲಿಲ್ಲ. ಹಳೇ ಗಾಳೀನ ಯಾರೂ ಡಬ್ಬಿಯಲ್ಲಿ ತುಂಬಿಟ್ಟಿಲ್ಲ. ನಿಮ್ಮ ಅತ್ತಿಗೆ ನೋಡಿ ಬರೆದಿಟ್ಟಿದಾರೆ. ಈ ಸೀಮೆಯಲ್ಲಿ ಅಷ್ಟು ವರ್ಷ ಒಂದೇ ಜೊತೆ ಕಣ್ಣು ನೋಡಿದ್ದು ಇದೊಂದೇ.”

ಕೇಳಿದಿರಾ! ನಾನು ಆ ಗಿರಾಕಿಯ ಒಂದು ಕಿವಿಯ ಪಕ್ಕದ ಕೃದಾ ಹಾಗೇ ಬಿಟ್ಟು ಮೇಡಂ ಅವರನ್ನು ನಮ್ಮ ಮನೆಗೆ ಕರೆದುಕೊಂಡು ಹೋದೆ. ಅವತ್ತಿನಿಂದ ನನ್ನ ಅಂಗಡಿಗೆ ಬಂದವರೆಲ್ಲ, ಬೇಕಿರಲಿ ಬೇಡದಿರಲಿ, ವಾಯುಗುಣದ ಪಾಠ ಕೇಳಿಯೇ ಏಳಬೇಕಾಯಿತು. ಕುತ್ತಿಗೆಯ ಮೇಲೆ ಕತ್ತಿ ಇರುವಾಗ ಎದ್ದು ಹೋಗುವವರು ಯಾರು?

ಇದಾಗಿ ಕೆಲವು ವಾರಗಳ ನಂತರ ಒಬ್ಬ ಆಳು ತಲೆ ತುಂಬ ಕೆಂಪು ಪುಡಿ ಮೆತ್ತಿಕೊಂಡು ಬಂದು ಕೂತ. ಬಾಚಣಿಗೆ ಇಳಿಯಲೊಲ್ಲದು. “ಏನಪ್ಪಾ ಇದು, ಇಟ್ಟಿಗೆಯಲ್ಲೇ ಮಲಗಿದ್ಯಾ?” ಎಂದೆ.

“ದಿಣ್ಣೆ ಮೇಲಿನ ಚಿಮಣಿ ಬುಡದ ಇಟ್ಟಿಗೆ ಸಾಗಿಸ್ತಾ ಇದೀವಣ್ಣಾ. ಕೆಡವಿ ತಿಂಗಳ ಮೇಲಾಯ್ತು, ಇನ್ನೂ ಮುಗೀತಿಲ್ಲ.”

ನನ್ನ ಕೈ ನಿಂತಿತು. ಹಿಂದಿನ ದಿನವಷ್ಟೇ ಅತ್ತಿಗೆ ಊಟಕ್ಕೆ ಕೂತಾಗ ಹೇಳಿದ್ದರು, “ಇವತ್ತು ಎಷ್ಟು ಚೆನ್ನಾಗಿತ್ತು ಅಂತೀಯ, ಚಿಮಣಿವರೆಗೂ ಕಾಣ್ತು” ಎಂದು. “ಸರಿಯಾಗಿ ಹೇಳಪ್ಪಾ, ಅರ್ಧ ಆದ್ರೂ ನಿಂತಿದೆಯಾ?” ಎಂದೆ. “ಅಲ್ಲೀಗ ನನ್ನ ಮೊಣಕಾಲಷ್ಟೂ ಇಲ್ಲ” ಎಂದ.

ನನ್ನ ನಾಲಿಗೆಗೆ ಎಲುಬಿಲ್ಲ, ನಿಜ. ಆದರೆ ಅವತ್ತು ಅಂಗಡಿಯಲ್ಲಿ ಯಾರ ಮುಂದೆಯೂ ಅದನ್ನು ಆಡಲಿಲ್ಲ. ಅಂಗಡಿ ಮುಚ್ಚಿ ಮನೆಗೆ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಅತ್ತಿಗೆ ಮೊದಲು ನನ್ನ ಮೇಲೆ ಹರಿಹಾಯ್ದರು. “ನಿನ್ನ ಅಂಗಡಿಯ ಕಾಡುಹರಟೆನೆಲ್ಲ ಮನೆಗೆ ತರಬೇಡ! ನಾನು ನಿನ್ನೆ ಕಣ್ಣಾರೆ ನೋಡಿದೀನಿ.” ಅಣ್ಣ ಸ್ಕೂಟರಿನ ಬೀಗದ ಕೈ ತೆಗೆದುಕೊಂಡ. ಮೂವರೂ ಒಂದೇ ಸ್ಕೂಟರಿನಲ್ಲಿ ದಿಣ್ಣೆಗೆ ಹೋದೆವು.

ಬಯಲು. ಇಟ್ಟಿಗೆಯ ಚೂರು, ಲಾರಿಯ ಚಕ್ರದ ಗುರುತು. ಅತ್ತಿಗೆ ಆ ಜಾಗದ ನಡುವೆ ನಿಂತು ತಲೆಯೆತ್ತಿ ಖಾಲಿ ಆಕಾಶವನ್ನು ನೋಡಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವರೇ ಅವರು. ಆಮೇಲೆ ಕಾಲ ಬಳಿಯ ಇಟ್ಟಿಗೆಯ ಚೂರೊಂದನ್ನು ಎತ್ತಿಕೊಂಡು, “ದಿನಾ ನೋಡಿದ್ದನ್ನ ಕಣ್ಣು ನೋಡಲ್ಲ ಕಣೋ, ಬಾಯಿಪಾಠ ಒಪ್ಪಿಸುತ್ತೆ” ಎಂದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅವತ್ತೇ ಕೇಳಿದ್ದು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ಬಾಯಿಗೆ ಬೀಗ ಹಾಕಿಕೊಂಡು, ಮಾರನೆಯ ದಿನದಿಂದ “ಕಾಣಲಿಲ್ಲ” ಎಂದು ಬರೆಯುತ್ತಾ ಹೋಗುತ್ತಿದ್ದೆ. ಯಾರಿಗೆ ಗೊತ್ತಾಗುತ್ತಿತ್ತು? ಅತ್ತಿಗೆ ಬೆಳಗ್ಗೆ ಎದ್ದವರೇ ಮೇಡಂಗೂ ನಿಲ್ದಾಣದ ಸಾಹೇಬರಿಗೂ ಒಟ್ಟಿಗೇ ಹೇಳಿದರು: “ತಿಂಗಳಿಗಿಂತ ಹೆಚ್ಚು ದಿನ ನಾನು ಇಲ್ಲದ ಚಿಮಣಿ ಕಂಡಿದೀನಿ.”

ಸಾಹೇಬರು ಕೆಟ್ಟವರಲ್ಲ. ಆದರೆ ಅವರು ಕೇಳಿದ ಪ್ರಶ್ನೆ ಕೇಳಿ ನನಗೆ ಮೈ ಉರಿದುಹೋಯಿತು. “ಇಲ್ಲದ ಚಿಮಣಿ ಕಂಡಿದ್ದಾರೆ ಅಂದ್ಮೇಲೆ, ಗುಡ್ಡ ಕಂಡಿದ್ದು, ಟ್ಯಾಂಕು ಕಂಡಿದ್ದು ನಿಜ ಅಂತ ಹೇಗೆ ನಂಬೋದು? ಅವರು ಬರೆದದ್ದನ್ನ ಪೂರ್ತಿ ಬಿಟ್ಟುಬಿಡಿ. ಹೇಗೂ ಯಂತ್ರ ಬರ್ತಾ ಇದೆಯಲ್ಲ.” ಯಂತ್ರ ಬಂದೇ ಬಂತು. ಮನುಷ್ಯನೆತ್ತರದ ಕಂಬ. ಅದರ ಎರಡು ತೋಳುಗಳ ನಡುವಿನ ಗಾಳಿ ಎಷ್ಟು ಬೆಳಕನ್ನು ಚೆದುರಿಸುತ್ತದೆ ಎಂದು ಅಳೆದು, ನೋಟದ ದೂರವನ್ನು ತಾನೇ ಹೇಳುತ್ತದೆ. ಅದು ಮುಂದಿನ ಗಾಳಿಗಾಯಿತು. ಹಿಂದಿನದಕ್ಕೆ? ಅತ್ತಿಗೆ ಮದುವೆಯಾಗಿ ನಮ್ಮ ಮನೆಗೆ ಬಂದಾಗಿನಿಂದ, ತಲೆ ನರೆಯುವವರೆಗೆ, ಒಂದೊಂದು ಗಂಟೆಗೂ ನೋಡಿ ಬರೆದದ್ದೆಲ್ಲ ರದ್ದಿಗೆ ಹೋಗುವ ಕಾಗದ ಎಂದಾಗುತ್ತಿತ್ತು. ಅವರ ಆಯುಷ್ಯವೇ ರದ್ದಿ ಎಂದ ಹಾಗೆ. ನಾನು ಸಿಟ್ಟಿಗೆ ಕುಣಿದಾಡಿದೆ, ಸಾಹೇಬರ ತಲೆ ಇನ್ನು ನನ್ನ ಅಂಗಡಿಯಲ್ಲಿ ಮುಟ್ಟುವುದಿಲ್ಲ ಎಂದೆ. ಅತ್ತಿಗೆ, “ಅವರು ಕೇಳಿದ್ದು ಸರಿಯಾಗಿದೆ, ಸುಮ್ನಿರು” ಎಂದರು.

ಮೇಡಂ ನಾಲ್ಕು ದಿನ ಯೋಚಿಸಿ ಒಂದು ಉಪಾಯ ತಂದರು. ಪ್ರಶ್ನೆ ಇಷ್ಟೇ: ದುರ್ಬೀನಮ್ಮನ ಕಣ್ಣು ಇಲ್ಲದ್ದನ್ನು ಕಾಣುತ್ತದೆಯೇ, ಕಂಡರೆ ಎಷ್ಟು ಸಲ? ಹಾಗಾದರೆ ಪರೀಕ್ಷೆ ಮಾಡೋಣ. ಗೋಪುರದಿಂದ ಆಸ್ಪತ್ರೆಯ ದಿಕ್ಕಿಗೆ ಹಳೆಯ ಐಸ್ ಫ್ಯಾಕ್ಟರಿಯ ತಾರಸಿ ಇದೆ. ಅದರ ಮೇಲೆ ಪ್ಲೈವುಡ್ ಹಲಗೆಗಳನ್ನು ಜೋಡಿಸಿ, ಮಿರುಗದ ಕಪ್ಪು ಬಣ್ಣ ಬಳಿದು ದೊಡ್ಡ ಬೋರ್ಡ್ ಮಾಡುವುದು. ಹಗ್ಗ ಎಳೆದರೆ ಏಳಬೇಕು, ಬಿಟ್ಟರೆ ಮಲಗಬೇಕು. ಯಾವ ದಿನ ಏಳಬೇಕು, ಯಾವ ದಿನ ಮಲಗಬೇಕು ಎಂದು ಮೇಡಂ ಬೆಳಗ್ಗೆ ಚೀಟಿ ಎತ್ತಿ ಫೋನಿನಲ್ಲಿ ಸಂದೇಶ ಕಳಿಸುತ್ತಾರೆ. ಅತ್ತಿಗೆ ಗೋಪುರದಿಂದ ನೋಡಿ ಕಂಡಿತು, ಕಾಣಲಿಲ್ಲ ಹೇಳಬೇಕು. ಜೊತೆಗೆ ಉಳಿದ ಗುರುತುಗಳನ್ನೂ ಹೇಳಬೇಕು, ಅವನ್ನು ಯಂತ್ರದ ಲೆಕ್ಕಕ್ಕೆ ಹೋಲಿಸಿ ನೋಡುತ್ತಾರೆ. ಸಾಹೇಬರೂ ಒಪ್ಪಿದರು. ಅತ್ತಿಗೆ ಗೆದ್ದರೆ ಚಿಮಣಿಯ ಸಾಲನ್ನು ಮಾತ್ರ ಪೂರ್ತಿ ಕೈಬಿಟ್ಟು, ಮಿಕ್ಕ ಗುರುತುಗಳ ಲೆಕ್ಕ ಉಳಿಸಿಕೊಳ್ಳುವುದು. ಸೋತರೆ ಎಲ್ಲವೂ ಹೋಯಿತು.

“ಹಗ್ಗ ಎಳೆಯೋಕೆ ನಂಬಿಕಸ್ಥರು ಬೇಕು” ಎಂದರು ಮೇಡಂ.

“ನಾನಿದೀನಲ್ಲ!” ಎಂದೆ.

ಅತ್ತಿಗೆ, ಅಣ್ಣ, ಮೇಡಂ ಮೂವರೂ ನನ್ನನ್ನು ನೋಡಿದ ನೋಟ ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಕೊನೆಗೆ ಅತ್ತಿಗೆಯೇ, “ಇವನೇ ಇರಲಿ. ಆದ್ರೆ ಪರೀಕ್ಷೆ ಮುಗಿಯೋವರೆಗೆ ಇವನು ನನ್ನ ಕಣ್ಣಿಗೆ ಬೀಳಬಾರದು. ಇವನು ಬಾಯಿ ಮುಚ್ಚಿಕೊಂಡ್ರೂ ಮುಖ ಮಾತಾಡುತ್ತೆ” ಎಂದರು. ಅವತ್ತೇ ನನ್ನ ಹಾಸಿಗೆ ಅಂಗಡಿಗೆ ಬಂತು. ಊಟ ಅಣ್ಣನ ಕೈಯಲ್ಲಿ ಬರುತ್ತಿತ್ತು. ಅಣ್ಣನಿಗೂ ನಾನು ಏನೂ ಹೇಳುವಂತಿರಲಿಲ್ಲ, ಅವನಂತೂ ಕೇಳುವವನಲ್ಲ. ನಾವಿಬ್ಬರೂ ಡಬ್ಬಿ ಮುಂದಿಟ್ಟುಕೊಂಡು ಮೂಕರ ಹಾಗೆ ಕೂತಿರುತ್ತಿದ್ದೆವು.

ಒಂದು ತಿಂಗಳು ಸ್ವಾಮಿ, ಒಂದು ತಿಂಗಳು! ಊರಲ್ಲಿ ಬೋರ್ಡಿನ ಮಾತು ಯಾವ ಬಾಯಿಂದ ಯಾವ ಕಿವಿಗೆ ಹೋಗಿ ಗೋಪುರ ಮುಟ್ಟುತ್ತದೋ ಎಂದು ಹೆದರಿ, ನಾನು ಅಂಗಡಿಯಲ್ಲಿ ಮಾತನ್ನೇ ಬಿಟ್ಟೆ. ಗಿರಾಕಿಗಳು ಗಾಬರಿಯಾದರು. “ಏನು ರೇಡಿಯೋ, ಬ್ಯಾಟರಿ ಹೋಯ್ತಾ?” “ಹಲ್ಲುನೋವಾ?” “ಯಾರ ಜೊತೆ ಜಗಳ?” ಒಬ್ಬ ಹಿರಿಯರು ನನ್ನ ಕೈ ಹಿಡಿದು, “ಏನೇ ಕಷ್ಟ ಇದ್ರೂ ಹೇಳ್ಕೋಪ್ಪಾ, ಮನಸ್ಸಲ್ಲಿ ಇಟ್ಕೋಬೇಡ” ಎಂದರು. ಹೇಳಿಕೊಳ್ಳುವುದಕ್ಕೆ ನನಗೂ ಪ್ರಾಣ ಹೋಗುತ್ತಿತ್ತು. ತುಟಿಪಿಟಕ್ಕೆನ್ನದೆ ಅವರ ಗಡ್ಡ ಕೆರೆದು ಕಳಿಸಿದೆ.

ಆ ತಿಂಗಳು ನಾನು ತಾರಸಿಯ ಮೇಲೆ ಕಲಿತದ್ದನ್ನು ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಗಾಳಿ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ತೇವ ಹೆಚ್ಚಿದ ಬೆಳಗ್ಗೆ ಅದೇ ಕಣಗಳು ನೀರು ಕುಡಿದು ಉಬ್ಬಿ, ಗೋಪುರದ ಸುತ್ತ ಹಾಲು ಕಲಸಿದ ಹಾಗೆ ಬೆಳ್ಳಗಾಗುತ್ತಿತ್ತು. ಬಿಸಿಲೇರಿದ ಮೇಲೆ ಮೆಲ್ಲಗೆ ತೆಳುವಾಗುತ್ತಿತ್ತು. ತ್ಯಾಜ್ಯದ ರಾಶಿಗೆ ಬೆಂಕಿ ಬಿದ್ದ ದಿನಗಳಲ್ಲಿ ಕಂದು ಬಣ್ಣದ ಪಟ್ಟಿಯೊಂದು ಅಡ್ಡಲಾಗಿ ನಿಲ್ಲುತ್ತಿತ್ತು, ಸೂರ್ಯ ಅದರ ಹಿಂದೆ ತಾಮ್ರದ ಬಿಲ್ಲೆಯಾಗುತ್ತಿದ್ದ. ಅಂಥ ಒಂದು ದಿನ ನಾನು ಬೋರ್ಡನ್ನು ನೆಟ್ಟಗೆ ಎತ್ತಿ ಕಟ್ಟಿದ್ದೆ. ಅತ್ತಿಗೆ “ಕಾಣಲಿಲ್ಲ” ಎಂದರು ಎಂದು ಆಮೇಲೆ ತಿಳಿಯಿತು. ಬೇಕಿದ್ದರೆ ಕಂಡಿತು ಎಂದು ಅಂದಾಜಿನ ಗುಂಡು ಹಾರಿಸಿ ನೋಡಬಹುದಿತ್ತು. ಅವರು ಹಾರಿಸಲಿಲ್ಲ. ಯಂತ್ರವೂ ಅವತ್ತು ಬೋರ್ಡಿನವರೆಗೆ ನೋಟ ಹೋಗದು ಎಂದೇ ಹೇಳಿತ್ತಂತೆ.

ಕೊನೆಯ ದಿನ ಬಂತು. ಹಿಂದಿನೆರಡು ದಿನ ಮಳೆ ಸುರಿದು ಗಾಳಿಯಲ್ಲಿದ್ದುದನ್ನೆಲ್ಲ ತೊಳೆದುಬಿಟ್ಟಿತ್ತು. ತಾರಸಿಯ ಮೇಲೆ ನಿಂತರೆ ಆಸ್ಪತ್ರೆಯ ಕಿಟಕಿಗಳನ್ನು ಎಣಿಸಬಹುದಿತ್ತು. ಬೋಳುಗುಡ್ಡದ ಕಲ್ಲುಗಳು ಒಂದೊಂದಾಗಿ ಕಾಣುತ್ತಿದ್ದವು. ಇಂಥ ದಿನ ಬೋರ್ಡ್ ಎದ್ದು ನಿಂತರೆ ಕುರುಡನಿಗೂ ಕಾಣುತ್ತದೆ ಎಂದುಕೊಂಡೆ. ಫೋನು ಟಿಣ್ ಎಂದಿತು. ಮೇಡಂನ ಸಂದೇಶ: “ಮಲಗಿಸಿ.”

ಆ ಒಂದು ಪದವನ್ನು ಮತ್ತೆ ಮತ್ತೆ ಓದಿದೆ. ಯಾಕೆ ಅಂತೀರಾ? ಚಿಮಣಿಯ ತಪ್ಪು ನಡೆದದ್ದೂ ಇಂಥ ಶುಭ್ರ ದಿನಗಳಲ್ಲೇ. ಎಲ್ಲವೂ ಕಾಣುತ್ತಿರುವಾಗ ಅದೂ ಕಾಣಲೇಬೇಕಲ್ಲ ಎಂದು ಕಣ್ಣು ತಾನೇ ತೀರ್ಮಾನಿಸಿಬಿಟ್ಟಿತ್ತು. ಅದರ ಮೇಲೆ ಅವತ್ತು ಸಾಹೇಬರೂ ಗೋಪುರದಲ್ಲಿದ್ದರು. ಮಲಗಿದ್ದ ಬೋರ್ಡಿನ ಪಕ್ಕದಲ್ಲಿ ನಾನೂ ಅಂಗಾತ ಮಲಗಿಬಿಟ್ಟೆ. ಜೇಬಿನಲ್ಲಿ ಫೋನಿತ್ತು. ಅತ್ತಿಗೆಯ ಫೋನಿಗೆ ಒಂದು ಮಿಸ್ಡ್ ಕಾಲ್ ಕೊಟ್ಟಿದ್ದರೆ ಸಾಕಿತ್ತು, ಬುದ್ಧಿವಂತೆ, ಅರ್ಥ ಮಾಡಿಕೊಳ್ಳುತ್ತಿದ್ದರು. ಬೆರಳು ಎರಡು ಸಲ ಜೇಬಿಗೆ ಹೋಗಿ ಬಂತು. ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ತಮ್ಮ ತಪ್ಪನ್ನು ತಾವೇ ಎತ್ತಿ ಹೇಳಿದ ಹೆಂಗಸಿಗೆ ನಾನು ಕಳ್ಳದಾರಿ ತೋರಿಸುವುದೇ? ಎದ್ದು ಹೋಗಿ ಫೋನನ್ನು ಫ್ಯಾಕ್ಟರಿಯ ಕಾವಲುಗಾರನ ಕೈಗೆ ಕೊಟ್ಟು, “ರಿಂಗಾದ್ರೆ ಮಾತ್ರ ಕೊಡಿ. ನಾನಾಗಿ ಕೇಳಿದ್ರೆ ಒದ್ದು ಕಳಿಸಿ” ಎಂದೆ.

ರಿಂಗಾಯಿತು, ಕಾವಲುಗಾರ ಫೋನು ತಂದುಕೊಟ್ಟ. ಮೇಡಂ. ಅವರ ದನಿಯಿಂದ ಏನೂ ತಿಳಿಯಲಿಲ್ಲ. “ಮೇಡಂ, ಬೇಗ ಹೇಳಿ, ನನ್ನ ಜೀವ ಹೋಗ್ತಿದೆ” ಎಂದೆ.

ಗೋಪುರದಲ್ಲಿ ಅತ್ತಿಗೆ ಮೊದಲು ಬೆನ್ನು ತಿರುಗಿಸಿ ಕಣ್ಣು ಮುಚ್ಚಿ ನಿಂತರಂತೆ. ದಿಣ್ಣೆಯಿಂದ ಬಂದ ಮೇಲೆ ಅವರು ಮಾಡಿಕೊಂಡ ಹೊಸ ರೂಢಿ ಅದು. ಹೊಸ ಊರಿಗೆ ಬಂದವರ ಹಾಗೆ ತಿರುಗಿ, ಒಂದೊಂದೇ ಗುರುತು ನೋಡುತ್ತಾ ಹೋದರಂತೆ. ಗಿರಣಿ ಕಂಡಿತು. ಟ್ಯಾಂಕು ಕಂಡಿತು. ಆಸ್ಪತ್ರೆ ಕಂಡಿತು. ಗುಡ್ಡ ಕಂಡಿತು. ಬೋರ್ಡ್?

ತಾರಸಿಯ ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯಿಸಿ, ಮತ್ತೆ ಮೊದಲಿಂದ ಹಾಯಿಸಿದರಂತೆ. ಸಾಹೇಬರಿಗೆ ತಡೆಯಲಾಗಲಿಲ್ಲ. “ಅಲ್ಲಮ್ಮಾ, ಅದರಾಚೆಯ ಗುಡ್ಡವೇ ಕಾಣ್ತಿರುವಾಗ ಈಚೆಯ ಬೋರ್ಡ್ ಕಾಣದೇ ಇರುತ್ತಾ? ಸರಿಯಾಗಿ ನೋಡಿ” ಎಂದುಬಿಟ್ಟರಂತೆ. ಮೇಡಂ ಅವರನ್ನು ಗದರಿದರಂತೆ. ಇಷ್ಟು ಶುಭ್ರವಾದ ದಿನ ಕಾಣಲಿಲ್ಲ ಎಂದರೆ ಎರಡೇ ಅರ್ಥ. ಬೋರ್ಡ್ ಎದ್ದಿಲ್ಲ, ಇಲ್ಲವೇ ಇವರ ಕಣ್ಣೇ ಹೋಗಿದೆ.

“ನನ್ನ ಕಣ್ಣಿಗೆ ವಯಸ್ಸಾಗಿದ್ರೆ ಅದನ್ನೂ ಬರ್ಕೊಳ್ಳಿ. ನನಗೆ ಅಲ್ಲಿ ತಾರಸಿ ಕಾಣ್ತಿದೆ, ಅದರ ಹಿಂದಿನ ಗೋಡೆ ಕಾಣ್ತಿದೆ. ಬೋರ್ಡ್ ಕಾಣ್ತಿಲ್ಲ” ಎಂದರಂತೆ.

ನಾನು ಕೂಗಿದ ಕೂಗಿಗೆ ಕಾವಲುಗಾರ ಓಡಿ ಬಂದ. ಒಂದು ತಿಂಗಳ ಮಾತೆಲ್ಲ ಸೇರಿ ಒಂದೇ ಕೂಗಾಗಿತ್ತು. ಅತ್ತ ಮೇಡಂ ಹೇಳುತ್ತಲೇ ಇದ್ದರು. ಇಡೀ ತಿಂಗಳಲ್ಲಿ ಮಲಗಿದ್ದ ಬೋರ್ಡನ್ನು ಅತ್ತಿಗೆ ಒಂದೇ ಒಂದು ಸಲವೂ ಕಂಡಿಲ್ಲ. ಉಳಿದ ಗುರುತುಗಳು ಯಂತ್ರದ ಲೆಕ್ಕಕ್ಕೆ ಹೊಂದಿವೆ. ಸಾಹೇಬರೇ ಎದ್ದು ನಿಂತು, ಲೆಕ್ಕ ಉಳಿಸಿಕೊಳ್ಳೋಣ ಎಂದಿದ್ದಾರೆ. “ಅವರಿಗೆ ಇನ್ನೂ ಏನೂ ಹೇಳಿಲ್ಲ. ಬೋರ್ಡ್ ಏನಾಗಿತ್ತು ಅಂತ ಅವರೇ ನೋಡ್ತಾರಂತೆ. ನಿಮ್ಮ ಅಣ್ಣನ ಜೊತೆ ಹೊರಟಿದಾರೆ” ಎಂದರು.

ಸ್ಕೂಟರಿನ ಸದ್ದು ಕೇಳಿತು. ಮೆಟ್ಟಿಲ ಮೇಲೆ ಅತ್ತಿಗೆಯ ಏದುಸಿರು ಕೇಳಿತು. ನಾನು ತಾರಸಿಯ ಬಾಗಿಲಿಗೆ ಅಡ್ಡ ನಿಂತಿದ್ದೆ. ಅವರು ನನ್ನ ಮುಖ ನೋಡಲೇ ಇಲ್ಲ, ಪಕ್ಕಕ್ಕೆ ಸರಿಸಿ ತಾರಸಿಗೆ ಬಂದರು. ಕಪ್ಪು ಬೋರ್ಡ್ ಬಿಸಿಲಲ್ಲಿ ಉದ್ದಕ್ಕೆ ಮಲಗಿತ್ತು. ಅತ್ತಿಗೆ ಅದರ ಮುಂದೆ ಕುಸಿದು ಕೂತು, ಅದರ ಮೇಲೆ ಕೈ ಸವರಿ, “ಇಲ್ಲಿ ಮಲಗಿದ್ಯೇನೇ ನೀನು, ಪುಣ್ಯಾತ್ಗಿತ್ತಿ” ಎಂದರು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ನನ್ನ ಅಣ್ಣ, ಜನ್ಮದಲ್ಲಿ ಯಾರನ್ನೂ ಹೊಗಳದವನು, ಎಣ್ಣೆ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವರ ತಲೆಯ ಮೇಲಿಟ್ಟು, “ನನಗೆ ಗೊತ್ತಿತ್ತು” ಎಂದ.

“ಉಳೀತು ಅತ್ತಿಗೆ! ಗಿರಣಿ, ಟ್ಯಾಂಕು, ಆಸ್ಪತ್ರೆ, ಗುಡ್ಡ, ಅಷ್ಟೂ ವರ್ಷದ್ದೂ ಉಳೀತು. ಪುಸ್ತಕದಲ್ಲಿ ಅಚ್ಚಾಗುತ್ತಂತೆ. ದೇಶವಿದೇಶದವರು ನಿಮ್ಮ ಕಣ್ಣಿಂದ ಹಳೇ ಗಾಳಿ ನೋಡ್ತಾರಂತೆ” ಎಂದೆ. ಇನ್ನೂ ಏನೇನೋ ಹೇಳಿದೆ. ತಡೆಯುವವರು ಯಾರೂ ಇರಲಿಲ್ಲ. ಅವತ್ತು ನನಗಾದ ಹೆಮ್ಮೆ, ನಾನೇ ಪರೀಕ್ಷೆ ಗೆದ್ದಿದ್ದರೂ ಆಗುತ್ತಿರಲಿಲ್ಲ.

ಅತ್ತಿಗೆ ಕಣ್ಣೊರೆಸಿಕೊಂಡು ತಲೆಯೆತ್ತಿದರು. “ಚಿಮಣಿ?”

“ಆ ಸಾಲು ಬಿಟ್ಟುಬಿಡ್ತಾರಂತೆ ಅತ್ತಿಗೆ.”

“ಅದಲ್ಲ. ಇಲ್ಲದ ಚಿಮಣಿ ನಾನು ಕಂಡೆ ಅನ್ನೋದನ್ನ ಹಾಕ್ತಾರಾ, ಇಲ್ವಾ?”

ಮೇಡಂ ಅದನ್ನೂ ಹೇಳಿದ್ದರು, ನಾನೇ ನುಂಗಿಕೊಂಡಿದ್ದೆ. “ಹಾಕ್ತಾರಂತೆ. ಮೊದಲನೇ ಪುಟದಲ್ಲೇ ಹಾಕ್ತಾರಂತೆ.”

“ಹಾಗಾದ್ರೆ ಸರಿ. ಮಿಕ್ಕಿದ್ದನ್ನ ಜನ ನಂಬ್ತಾರೆ” ಎಂದರು ನಮ್ಮ ಅತ್ತಿಗೆ.